ಪದಾರ್ಥಶುದ್ಧಿಯೂ ಪ್ರಸಾದವೂ

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದೆಂಬುದು ಸದ್ಭಕ್ತರೆಲ್ಲರಿಗೂ ವಿದಿತವಾದ ವಿಷಯ. ಷಟ್‌ಸ್ಥಲಗಳಲ್ಲಿಯೂ ಭಕ್ತ, ಮಹೇಶ ಎಂಬ ಎರಡು ಸ್ಥಲಗಳನ್ನು ದಾಟಿದ ಸಾಧಕನು ಏರುವ ಮೂರನೆಯ ಮೆಟ್ಟಿಲಿಗೆ ಪ್ರಸಾದಿಸ್ಥಲವೆಂದೇ ಹೆಸರು. ಹೊಲದಲ್ಲಿ ಬೆಳೆದು ಮನೆಗೆ ಬಂದ ಕಾಳು, ಕಾಯಿ, ಸೊಪ್ಪು, ಹಣ್ಣುಗಳೆಲ್ಲವೂ ಮೊದಲಿಗೆ ಕೇವಲ ಪದಾರ್ಥಗಳು. ಅವುಗಳನ್ನು ಕರಸ್ಥಲದ ಇಷ್ಟಲಿಂಗಕ್ಕೆ ಭಾವಪೂರ್ವಕವಾಗಿ ಅರ್ಪಿಸಿದಾಗ ಪದಾರ್ಥವೆಂಬ ಪೂರ್ವಾಶ್ರಯವು ಅಳಿದು ಅವು ಪ್ರಸಾದವೆನಿಸುತ್ತವೆ. ಉಣ್ಣುವವನು ಅದನ್ನು ತನ್ನದೆಂದು ಉಣ್ಣುವುದಿಲ್ಲ, ಕೊಟ್ಟುದನ್ನು ಸ್ವೀಕರಿಸುತ್ತಾನೆ. ಇದು ಶರಣರು ಲೋಕಕ್ಕೆ ತೋರಿದ ಮಾರ್ಗ.

ಇಲ್ಲಿ ಒಂದು ಸಂದೇಹವು ತಲೆದೋರುವುದು ಸಹಜ. ಅರ್ಪಿತವಾದೊಡನೆ ಪದಾರ್ಥದ ಗುಣದೋಷಗಳೆಲ್ಲವೂ ಅಳಿದುಹೋಗುವುದಾದರೆ, ಅರ್ಪಿಸುವುದಕ್ಕೆ ಮುಂಚೆ ಅಕ್ಕಿಯು ಮುಗ್ಗಿದೆಯೋ ಇಲ್ಲವೋ, ಬೇಳೆಯು ಹುಳುಬಿದ್ದಿದೆಯೋ ಇಲ್ಲವೋ ಎಂದು ನೋಡುವುದು ಏತಕ್ಕೆ? ಭಕ್ತಿಯಿದ್ದರೆ ಸಾಲದೆ? ಹೀಗೆಂದು ಆಡುವವರುಂಟು. ಆಡುವುದಷ್ಟೇ ಅಲ್ಲ, ಹಾಗೆ ನಡೆಯುವವರೂ ಉಂಟು. ಜಾತ್ರೆಯ ಕಾಲದಲ್ಲಿ ದಾಸೋಹಕ್ಕೆಂದು ಧಾನ್ಯವನ್ನು ಸಲ್ಲಿಸುವಾಗ ಮನೆಯ ಕಣಜದ ಮೇಲಿನ ಒಳ್ಳೆಯ ಕಾಳನ್ನು ಮನೆಗೆಂದು ಉಳಿಸಿಕೊಂಡು, ತಳದ ಮುಗ್ಗಲನ್ನು ಮಠಕ್ಕೆಂದು ಅಳೆದು ಕೊಡುವ ಗೃಹಸ್ಥರು ಇಲ್ಲವೆಂದು ಹೇಳಲಾಗದು. ‘ಸಾವಿರಾರು ಜನ ಉಣ್ಣುವ ಅಡುಗೆಯಲ್ಲಿ ಇದು ಯಾರಿಗೆ ಗೊತ್ತಾದೀತು, ಹೇಗೂ ಪ್ರಸಾದವಾಗುತ್ತದೆ’ ಎಂಬುದು ಅವರ ಸಮಾಧಾನ.

ಕಠೋಪನಿಷತ್ತಿನ ಕಥೆಯು ಆರಂಭವಾಗುವುದು ಇಂಥದೇ ಒಂದು ದಾನದಿಂದ. ವಾಜಶ್ರವಸನು ಯಜ್ಞದಲ್ಲಿ ಸರ್ವಸ್ವವನ್ನೂ ದಾನಮಾಡುವೆನೆಂದು ಸಂಕಲ್ಪಿಸಿ, ಹಾಲು ಬತ್ತಿದ, ಮೇವು ಮೇಯಲಾರದ, ಮತ್ತೆ ಕರು ಹಾಕಲಾರದ ಮುದಿ ಹಸುಗಳನ್ನು ಕೊಡತೊಡಗಿದನು. ಬಾಲಕನಾದ ನಚಿಕೇತನು ಅದನ್ನು ಕಂಡು, ಇಂತಹ ದಾನವನ್ನು ಮಾಡಿದವನು ಯಾವ ಲೋಕಕ್ಕೆ ಹೋದಾನೆಂದು ಕಳವಳಗೊಂಡನು. ಮಗನು ಯಮನ ಮನೆಯ ಬಾಗಿಲಿಗೆ ಹೋಗಬೇಕಾಗಿ ಬಂದುದು ತಂದೆಯ ಆ ಹುಳುಕಿನ ದಾನದಿಂದಲೇ. ಮುಗ್ಗಲು ಅಕ್ಕಿಯನ್ನು ದಾಸೋಹಕ್ಕೆ ಕೊಡುವವನೂ ವಾಜಶ್ರವಸನ ವಂಶದವನೇ ಸರಿ. ಅರ್ಪಣೆಯು ಪದಾರ್ಥವನ್ನು ಶುದ್ಧಗೊಳಿಸುವುದು ನಿಜ. ಆದರೆ ತಿಳಿದೂ ತಿಳಿದೂ ಕೆಟ್ಟುದನ್ನು ಮುಂದಿಡುವ ಕ್ರಿಯೆಗೆ ಅರ್ಪಣೆಯೆಂಬ ಹೆಸರೇ ಸಲ್ಲದು. ಭಾವವು ಮೊದಲೇ ಕೆಟ್ಟಿರುವಲ್ಲಿ ಶುದ್ಧಗೊಳಿಸುವುದು ಯಾವುದು?

ನಂಜನಗೂಡಿನ ಸೀಮೆಯವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾದುದಿಲ್ಲ. ಆ ಕ್ಷೇತ್ರದ ಹೆಸರಿನಲ್ಲಿಯೇ ನಂಜು ಇದೆ. ಗರಳಪುರಿಯೆಂಬುದು ಅದರ ಸಂಸ್ಕೃತನಾಮ. ಕ್ಷೀರಸಮುದ್ರವನ್ನು ಕಡೆದಾಗ ಹುಟ್ಟಿದ ಹಾಲಾಹಲವನ್ನು ಲೋಕರಕ್ಷಣೆಗಾಗಿ ಪಾನಮಾಡಿ ಕಂಠದಲ್ಲಿ ತಡೆದುಕೊಂಡ ಪರಶಿವನು ಕಪಿಲಾತೀರದಲ್ಲಿ ನಂಜುಂಡೇಶ್ವರನೆಂದೂ ಶ್ರೀಕಂಠೇಶ್ವರನೆಂದೂ ಪೂಜೆಗೊಳ್ಳುತ್ತಿದ್ದಾನೆ. ರೋಗಗಳನ್ನು ನೀಗುವ ದೇವನೆಂಬ ನಂಬಿಕೆಯಿಂದ ಜನರು ಅಲ್ಲಿ ಉರುಳುಸೇವೆ ಸಲ್ಲಿಸುತ್ತಾರೆ. ಟಿಪ್ಪು ಸುಲ್ತಾನನು ಅವನನ್ನು ಹಕೀಂ ನಂಜುಂಡನೆಂದು ಕರೆದನೆಂಬ ಪ್ರತೀತಿಯೂ ಇದೆ. ಭಕ್ತನು ಗಮನಿಸತಕ್ಕ ಅಂಶವೊಂದು ಇಲ್ಲಿದೆ. ವಿಷವನ್ನು ಉಂಡು ಅರಗಿಸಿಕೊಳ್ಳುವ ಸಾಮರ್ಥ್ಯವು ಶಿವನೊಬ್ಬನದು. ಅವನು ಅದನ್ನು ಉಂಡುದು ಬೇರೆ ಯಾರೂ ಉಣ್ಣದಿರಲೆಂದು. ಹೀಗಿರಲು, ‘ದೇವರು ನಂಜುಂಡನಲ್ಲವೆ’ ಎಂದು ಅವನ ಮುಂದೆ ನಂಜನ್ನೇ ಇಟ್ಟು, ಬಳಿಕ ಅದನ್ನು ಮಕ್ಕಳಿಗೆ ಬಡಿಸುವುದು ಭಕ್ತಿಯಲ್ಲ, ಆ ಮಹಾತ್ಯಾಗಕ್ಕೆ ಮಾಡುವ ಅಪಚಾರ. ಆದುದರಿಂದ ಪದಾರ್ಥವನ್ನು ಆಯುವುದು, ಕಾಪಾಡುವುದು, ಬೇಯಿಸುವುದು ಈ ಮೂರೂ ಪ್ರಸಾದಕ್ಕೆ ಪೂರ್ವಾಂಗಗಳೆಂದು ತಿಳಿಯತಕ್ಕದ್ದು.

ಮೊದಲನೆಯದು ಆಯ್ಕೆ. ಕನ್ನಡದಲ್ಲಿ ‘ಆಯು’ ಎಂಬ ಧಾತುವಿಗೆ ಎರಡು ಅರ್ಥಗಳಿವೆ. ಬಿದ್ದುದನ್ನು ಹೆಕ್ಕಿಕೊಳ್ಳುವುದು ಒಂದು. ಒಳ್ಳೆಯದನ್ನು ಕೆಟ್ಟುದರಿಂದ ಬೇರ್ಪಡಿಸುವುದು ಇನ್ನೊಂದು. ಆಯ್ದಕ್ಕಿ ಮಾರಯ್ಯನವರ ಚರಿತ್ರೆಯಲ್ಲಿ ಈ ಎರಡು ಅರ್ಥಗಳೂ ಒಂದಾಗಿ ಕೂಡಿವೆ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಶರಣರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಚೆಲ್ಲಿತ್ತು. ಮಾರಯ್ಯನವರು ಎಲ್ಲವನ್ನೂ ಆಯ್ದು ಮನೆಗೆ ತಂದರು. ಪತ್ನಿಯಾದ ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ದಿನದ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದುದು ಆಸೆಯ ಫಲವೆಂದೂ, ಅದು ತಮ್ಮ ಈಶ್ವರನಿಗೆ ಸಲ್ಲದೆಂದೂ ಹೇಳಿ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿಸಿದರು. ಮಾರಯ್ಯನವರು ಅಕ್ಕಿಯನ್ನು ಆಯ್ದರು. ಲಕ್ಕಮ್ಮನವರು ಮಾರಯ್ಯನವರ ಮನಸ್ಸನ್ನೇ ಮೊರದಲ್ಲಿಟ್ಟು ಆಯ್ದರು.

ಈ ಚರಿತ್ರೆಯಿಂದ ಪದಾರ್ಥದ ಆಯ್ಕೆಗೆ ಎರಡು ಪ್ರಶ್ನೆಗಳು ಲಭಿಸುತ್ತವೆ. ಇದು ಯಾವ ಮಾರ್ಗದಿಂದ ಬಂತು? ಇದು ಎಷ್ಟು ಬೇಕು? ಕಾಯಕದಿಂದ ಬಾರದುದೂ ಬೇಕಾದುದಕ್ಕಿಂತ ಮಿಕ್ಕುದೂ ಲಿಂಗಕ್ಕೆ ನೈವೇದ್ಯವಾಗಲಾರದು. ಇವೆರಡಕ್ಕೂ ಉತ್ತರ ದೊರೆತ ಮೇಲೆ ಉಳಿಯುವುದು, ಇದು ಸ್ವತಃ ಎಂತಹುದು ಎಂಬ ಮೂರನೆಯ ಪ್ರಶ್ನೆ. ಅದರ ಪರೀಕ್ಷೆಗೆ ಬೇರೆ ಯಂತ್ರಗಳನ್ನು ಅರಸಬೇಕಾಗಿಲ್ಲ. ಗಂಧವನ್ನು ಘ್ರಾಣಮುಖದಿಂದ ಆಚಾರಲಿಂಗಕ್ಕೂ, ರಸವನ್ನು ಜಿಹ್ವಾಮುಖದಿಂದ ಗುರುಲಿಂಗಕ್ಕೂ, ರೂಪವನ್ನು ನೇತ್ರಮುಖದಿಂದ ಶಿವಲಿಂಗಕ್ಕೂ, ಸ್ಪರ್ಶವನ್ನು ತ್ವಙ್ಮುಖದಿಂದ ಜಂಗಮಲಿಂಗಕ್ಕೂ, ಶಬ್ದವನ್ನು ಶ್ರೋತ್ರಮುಖದಿಂದ ಪ್ರಸಾದಲಿಂಗಕ್ಕೂ, ತೃಪ್ತಿಯನ್ನು ಹೃದಯಮುಖದಿಂದ ಮಹಾಲಿಂಗಕ್ಕೂ ಅರ್ಪಿಸಬೇಕೆಂದು ಷಟ್‌ಸ್ಥಲಶಾಸ್ತ್ರವು ನಿರೂಪಿಸುತ್ತದೆ. ಯಾವ ಇಂದ್ರಿಯಗಳು ಅರ್ಪಿಸತಕ್ಕವೋ ಅವೇ ಮೊದಲು ಪರೀಕ್ಷಿಸತಕ್ಕವು. ಕಾಳನ್ನು ಬೊಗಸೆಯಲ್ಲಿ ಹಿಡಿದು ಮೂಸಿದರೆ ಮುಗ್ಗಲು ಸಾಮಾನ್ಯವಾಗಿ ಮೂಗಿಗೆ ತಿಳಿಯುತ್ತದೆ. ತೂತು, ಹಿಟ್ಟುಪುಡಿ, ಬಲೆ ಇವು ಕಣ್ಣಿಗೆ ಕಾಣುತ್ತವೆ. ಕೈಯನ್ನು ಚೀಲದ ಒಳಗೆ ಮೊಣಕೈವರೆಗೆ ಇಳಿಸಿದರೆ ಬೆಚ್ಚಗಿನ ತೇವವು ಸ್ಪರ್ಶಕ್ಕೆ ಸಿಕ್ಕುತ್ತದೆ. ಒಣಗಿದ ಕಾಳು ಹಲ್ಲಿನಲ್ಲಿ ಕಟಕ್ಕೆಂದು ಒಡೆಯುವ ಸದ್ದನ್ನು ಕಿವಿಯು ಕೇಳುತ್ತದೆ. ಹಸಿಯಾದುದು ಸದ್ದಿಲ್ಲದೆ ಚಪ್ಪಟೆಯಾಗುತ್ತದೆ. ಹಳೆಯ ಶೇಂಗಾ, ಹುಚ್ಚೆಳ್ಳುಗಳ ಕನರನ್ನು ನಾಲಗೆ ಅರಿಯುತ್ತದೆ. ಸಂತೆಯಲ್ಲಿ ಕಾಳನ್ನು ಕೊಳ್ಳುವ ಅಜ್ಜಿಯರು ಈ ಪರೀಕ್ಷೆಯನ್ನು ಶಾಸ್ತ್ರವನ್ನು ಓದದೆಯೇ ಮಾಡುತ್ತಾರೆ. ಓದಿದವರು ಮಾಡದೆ ಬಿಡುವುದು ವಿಷಾದಕರ.

ಬಣ್ಣದ ವಿಷಯದಲ್ಲಿಯೂ ಎಚ್ಚರವಿರತಕ್ಕದ್ದು. ಬಿತ್ತನೆಗೆಂದು ಮಾರುವ ಬೀಜಕ್ಕೆ ಕ್ರಿಮಿನಾಶಕ, ಶಿಲೀಂಧ್ರನಾಶಕಗಳನ್ನು ಲೇಪಿಸಿ, ಗುರುತಿಗಾಗಿ ಕೆಂಪೋ ನೀಲಿಯೋ ಬಣ್ಣವನ್ನು ಕೊಟ್ಟಿರುತ್ತಾರೆ. ಉಳಿಯಿತೆಂದು ಅದನ್ನು ತೊಳೆದು ಬೇಯಿಸುವುದು ಉಳಿತಾಯವಲ್ಲ, ಅಪಾಯ. ಅದು ಮನುಷ್ಯರಿಗೂ ದನಕರುಗಳಿಗೂ ಆಹಾರವಲ್ಲ.

ಇನ್ನು ಇಡೀ ಧಾನ್ಯದ ಮಾತು. ನಂಜನಗೂಡು, ತಿರುಮಕೂಡಲು ನರಸೀಪುರಗಳ ಭೂಮಿಯಲ್ಲಿ ಎರಡು ಬಗೆಯ ಬೇಸಾಯವುಂಟು. ಮಳೆಯಾಶ್ರಯದ ಹೊಲಗಳಲ್ಲಿ ರಾಗಿ, ಹುರುಳಿ, ಅವರೆ, ತೊಗರಿ. ಕಾವೇರಿ ಕಪಿಲೆಯರ ಕಾಲುವೆಗಳ ಕೆಳಗೆ ಭತ್ತ. ನೀರು ಬಂದ ಊರುಗಳಲ್ಲಿ ಅನ್ನವು ಮಾನ್ಯತೆಯ ಗುರುತಾಗಿ, ರಾಗಿಯು ಬಡವರ ಊಟವೆನಿಸಿದ ಕಾಲವೊಂದಿತ್ತು. ಅನ್ನದಲ್ಲಿಯೂ ಬೆಳ್ಳಗಿದ್ದಷ್ಟೂ ಮೇಲೆಂದು ಎಣಿಸಿ, ತೌಡನ್ನೆಲ್ಲ ತೆಗೆಸಿ ತಿನ್ನುವ ರೂಢಿಯು ಬೆಳೆಯಿತು. ಈ ಬಿಳುಪಿನ ಬೆಲೆ ಏನೆಂಬುದು ದೂರದ ಜಾವಾ ದ್ವೀಪದಲ್ಲಿ ಬಯಲಾಯಿತು. ಅಲ್ಲಿ ಬೆರಿಬೆರಿಯೆಂಬ ರೋಗದಿಂದ ಜನರು ಕಾಲುಸೋತು, ಹೃದಯ ಸೋತು ಸಾಯುತ್ತಿದ್ದರು. 1890ರ ದಶಕದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯನು, ತೌಡು ತೆಗೆದ ಅಕ್ಕಿಯನ್ನು ತಿಂದ ಕೋಳಿಗಳು ಇಂತಹುದೇ ರೋಗದಿಂದ ಬೀಳುವುದನ್ನೂ, ತೌಡಿನ ಸಮೇತ ಅಕ್ಕಿಯನ್ನು ತಿಂದರೆ ಚೇತರಿಸಿಕೊಳ್ಳುವುದನ್ನೂ ಕಂಡನು. ಮನುಷ್ಯನು ಹೊಟ್ಟೆಂದು ಎಸೆದುದರಲ್ಲಿ ಅವನ ಪ್ರಾಣವೇ ಅಡಗಿತ್ತು. ಅದನ್ನು ಇಂದು ಬಿ ಜೀವಸತ್ವವೆಂದು ಕರೆಯುತ್ತಾರೆ. ಐಕ್‌ಮನ್ನನಿಗೆ 1929ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ರಾಗಿಯಾದರೋ ಬೀಸಿದಾಗಲೂ ತನ್ನ ಸಿಪ್ಪೆಯನ್ನು ಬಿಟ್ಟುಕೊಡದು. ಅಷ್ಟು ಚಿಕ್ಕ ಕಾಳಾದುದರಿಂದ ಅದನ್ನು ಇಡಿಯಾಗಿಯೇ ಹಿಟ್ಟುಮಾಡುವುದು ವಾಡಿಕೆ. 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂಗಳಷ್ಟು ಸುಣ್ಣದ ಅಂಶವಿರುತ್ತದೆ. ಬಿಳಿಯ ಅಕ್ಕಿಯಲ್ಲಿ ಇರುವುದು ಅದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ, ಹಿಂದೆ ಮುದ್ದೆಯನ್ನು ಕಂಡು ಮೂಗುಮುರಿದವರೇ ಅದನ್ನು ಬೆಲೆಕೊಟ್ಟು ತರುತ್ತಿದ್ದಾರೆ. ಶರಣರಿಗೆ ಇದು ಹೊಸ ಮಾತಲ್ಲ. ಚೋಳರಾಜನ ಕುದುರೆಗಳಿಗೆ ಹುಲ್ಲು ತರುತ್ತಿದ್ದ ಮಾದಾರ ಚೆನ್ನಯ್ಯನು ಗುಪ್ತಭಕ್ತಿಯಿಂದ ಅರ್ಪಿಸಿದ ಅಂಬಲಿಯನ್ನು ಸವಿದ ಶಿವನು, ಅರಸನು ಇಟ್ಟ ರಾಜಭೋಜನದ ಕಡೆಗೆ ತಿರುಗಿಯೂ ನೋಡಲಿಲ್ಲವೆಂಬ ಚರಿತ್ರೆಯನ್ನು ಕೇಳದವರಾರು? ಅಂಬಲಿಯನ್ನು ಕೀಳೆನ್ನುವವನು ಚೆನ್ನಯ್ಯನನ್ನು ಕೀಳೆಂದಂತೆ.

ಎರಡನೆಯದು ಸಂರಕ್ಷಣೆ. ಕನಕದಾಸರ ರಾಮಧಾನ್ಯಚರಿತ್ರೆಯಲ್ಲಿ ನರೆದಲೆಗನೆಂಬ ರಾಗಿಗೂ ವ್ರೀಹಿಯೆಂಬ ಭತ್ತಕ್ಕೂ ಯಾರು ಮೇಲೆಂಬ ವಾದವು ಹುಟ್ಟಿ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಬಳಿಕ ತೀರ್ಪನ್ನು ಕೊಡುತ್ತಾನೆ. ಸೆರೆಯಿಂದ ಹೊರಬಂದಾಗ ಭತ್ತವು ಸೊರಗಿತ್ತು, ರಾಗಿಯು ಕಸುವುಳ್ಳದ್ದಾಗಿಯೇ ಇತ್ತು. ಈ ಕಾವ್ಯದ ತೀರ್ಪು ಮೈಸೂರು ಸೀಮೆಯ ಒಕ್ಕಲಮಕ್ಕಳ ಹಗೇವಿನ ಅನುಭವವೇ ಆಗಿದೆ. ನೆಲವನ್ನು ಅಗೆದು, ಒಳಗೆ ಹುಲ್ಲನ್ನು ಹೊದಿಸಿ, ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಬಾಯಿಗೆ ಚಪ್ಪಡಿಯನ್ನಿಟ್ಟು ಮಣ್ಣಿನಿಂದ ಮೆತ್ತಿದರೆ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ, ಎಂದರೆ 1876ರಿಂದ 1878ರವರೆಗೆ, ಮೈಸೂರು ಸಂಸ್ಥಾನವು ಅನುಭವಿಸಿದ ಸಂಕಟವು ಅಳತೆಗೆ ಮೀರಿದುದು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಪ್ರಜೆಗಳ ಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಇಂತಹ ಕಾಲದಲ್ಲಿ ತುಂಬಿದ ಹಗೇವಿದ್ದ ಊರಿಗೂ ಬರಿದಾದ ಹಗೇವಿನ ಊರಿಗೂ ಇರುವ ಅಂತರವು ಬದುಕಿಗೂ ಸಾವಿಗೂ ಇರುವ ಅಂತರವೇ. ಆದುದರಿಂದ ಧಾನ್ಯವನ್ನು ಕೂಡಿಡುವುದೇ ದೋಷವೆಂದು ಲಕ್ಕಮ್ಮನವರ ಮಾತಿಗೆ ಅರ್ಥಮಾಡಬಾರದು. ಬರಗಾಲದ ಹಸಿವನ್ನು ನೆನೆದು ಕೂಡಿಡುವುದು ದಾಸೋಹ. ಬರಗಾಲದ ಬೆಲೆಯನ್ನು ನೆನೆದು ಕೂಡಿಡುವುದು ಲೋಭ. ಹಗೇವು ಒಂದೇ, ಅದನ್ನು ಮುಚ್ಚುವ ಮನಸ್ಸುಗಳು ಎರಡು.

ಹಗೇವಿನ ಇನ್ನೊಂದು ಗುಣವು ವಿಚಾರಾರ್ಹವಾಗಿದೆ. ಧಾನ್ಯವು ಜಡವಲ್ಲ, ಅದಕ್ಕೂ ಉಸಿರಾಟವುಂಟು. ಮುಚ್ಚಿದ ಗುಂಡಿಯಲ್ಲಿ ಕಾಳುಗಳೂ ಕ್ರಿಮಿಗಳೂ ಉಸಿರಾಡಿ ಪ್ರಾಣವಾಯುವನ್ನು ಮುಗಿಸಿ, ಇಂಗಾಲಾಮ್ಲ ವಾಯುವನ್ನು ತುಂಬುತ್ತವೆ. ಉಸಿರಿಲ್ಲದೆ ಹುಳುಗಳು ಸಾಯುತ್ತವೆ. ಧಾನ್ಯವು ಉಳಿಯುವುದು ಇದರಿಂದಲೇ. ಆದರೆ ಹುಳುವನ್ನು ಕೊಲ್ಲುವ ಆ ಗಾಳಿಯು ಅವಸರದಿಂದ ಒಳಗಿಳಿಯುವ ಮನುಷ್ಯನನ್ನೂ ಉಳಿಸುವುದಿಲ್ಲ. ಅದಕ್ಕಾಗಿಯೇ ಹಿರಿಯರು ಹಗೇವಿನ ಬಾಯನ್ನು ತೆರೆದು, ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಸಿ ನೋಡಿ, ಅದು ನಂದದಿದ್ದರೆ ಮಾತ್ರ ಇಳಿಯುತ್ತಿದ್ದರು. ಕೂಡಿಟ್ಟುದೆಲ್ಲವೂ ಮುಚ್ಚಿಯೇ ಇದ್ದರೆ ತನ್ನೊಳಗೆ ನಂಜನ್ನು ಹುಟ್ಟಿಸಿಕೊಳ್ಳುತ್ತದೆ. ಸಂಪತ್ತಿನ ವಿಷಯದಲ್ಲಿಯೂ ಇದೇ ನ್ಯಾಯ. ಕಾಲಕಾಲಕ್ಕೆ ಬಾಯ್ದೆರೆದು ಕೊಡುವ ಹಗೇವು ಊರನ್ನು ಸಲಹುತ್ತದೆ. ತೆರೆಯದ ಹಗೇವು ಒಡೆಯನನ್ನೇ ನುಂಗುತ್ತದೆ.

ಇಂದಿನ ಮನೆಗಳಲ್ಲಿ ಹಗೇವಿಲ್ಲ, ಡಬ್ಬಿ, ಡ್ರಮ್ಮುಗಳಿವೆ. ಆದರೂ ನಿಯಮಗಳು ಬದಲಾಗಿಲ್ಲ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಕಾವಾರಿದ ಮೇಲೆ ತುಂಬತಕ್ಕದ್ದು. ಬಿಸಿಯಾಗಿರುವಾಗಲೇ ಮುಚ್ಚಿದರೆ ಬೆವರು ಕಟ್ಟಿ ಬೂಷ್ಟು ಹಿಡಿಯುತ್ತದೆ. ನೆಲಕ್ಕೂ ಗೋಡೆಗೂ ಚೀಲವನ್ನು ತಗುಲಿಸದೆ ಹಲಗೆಯ ಮೇಲಿಡತಕ್ಕದ್ದು. ತೊಗರಿಗೆ ಕೆಮ್ಮಣ್ಣಿನ ಲೇಪವನ್ನು ಕೊಟ್ಟು ಒಣಗಿಸುವುದೂ, ಬೇಳೆಕಾಳುಗಳಿಗೆ ಅಲ್ಪ ಹರಳೆಣ್ಣೆಯನ್ನು ಸವರುವುದೂ, ಒಣಗಿದ ಬೇವಿನ ಎಲೆಯನ್ನು ನಡುನಡುವೆ ಹರಡುವುದೂ ಹಿರಿಯರ ಪದ್ಧತಿ. ಎಣ್ಣೆ ಸವರಿದ ಕಾಳಿನ ಮೇಲೆ ಹುಳುವಿನ ಮೊಟ್ಟೆಗಳು ಬೆಳೆಯಲಾರವು. ಭತ್ತವು ತನ್ನ ಹೊಟ್ಟಿನ ಕವಚದೊಳಗೆ ವರ್ಷಕಾಲ ಸುಖವಾಗಿರುತ್ತದೆ. ತೌಡುಳ್ಳ ಅಕ್ಕಿಯಾದರೋ, ತೌಡಿನ ಎಣ್ಣೆಯು ಕನರುವುದರಿಂದ, ಬಹುಕಾಲ ನಿಲ್ಲದು. ರಾಗಿಹಿಟ್ಟಿಗೂ ಇದೇ ಮಾತು. ಆದುದರಿಂದ ಇಡಿಯಾಗಿ ಶೇಖರಿಸಿ, ಬೇಕಾದಾಗ ಬೇಕಾದಷ್ಟನ್ನು ಮಾತ್ರ ಕುಟ್ಟಿಸಿ ಬೀಸಿಸುವುದು ಜಾಣತನ. ಇಲ್ಲಿಯೂ ಲಕ್ಕಮ್ಮನವರ ಅಳತೆಯೇ ಕೆಲಸಕ್ಕೆ ಬರುತ್ತದೆ.

ಕೆಲವು ದೋಷಗಳನ್ನು ಮಾತ್ರ ಬೆಂಕಿಯೂ ಸುಡಲಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ವಿಚಾರಿಸಲಾಗಿ, ಅವು ತಿಂದ ಶೇಂಗಾ ಹಿಂಡಿಯಲ್ಲಿ ಬೂಷ್ಟಿನಿಂದ ಹುಟ್ಟಿದ ವಿಷವು ಕಂಡುಬಂತು. ಅಫ್ಲಟಾಕ್ಸಿನ್ ಎಂಬ ಈ ವಿಷವು ಯಕೃತ್ತನ್ನು ಕೆಡಿಸತಕ್ಕುದು. ಮನೆಯ ಒಲೆಯ ಬೇಯಿಸುವಿಕೆ, ಹುರಿಯುವಿಕೆಗಳಿಂದ ನಾಶವಾಗದು. ಬೂಷ್ಟು ಹಿಡಿದ ಶೇಂಗಾ, ಜೋಳ, ಕೊಬ್ಬರಿಗಳನ್ನು ಒರೆಸಿ ಒಗ್ಗರಣೆ ಹಾಕಿದರೆ ವಾಸನೆ ಮುಚ್ಚೀತು, ವಿಷವು ಹೋಗದು. ಹುಳುವಿನ ಭಯದಿಂದ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ಮಲಗುವ ಮನೆಯ ಧಾನ್ಯದಲ್ಲಿಡುವುದು ಇದಕ್ಕಿಂತ ಘೋರವಾದುದು. ಗಾಳಿಯ ತೇವವು ತಗುಲಿದೊಡನೆ ಅದರಿಂದ ಹೊರಡುವ ವಾಯುವು ನಿದ್ರೆಯಲ್ಲಿರುವವರ ಪ್ರಾಣವನ್ನೇ ತೆಗೆಯಬಲ್ಲುದು. ಉಗ್ರಾಣಗಳಲ್ಲಿ ತಿಳಿದವರ ಕೈಯಿಂದ ಮಾತ್ರ ನಡೆಯಬೇಕಾದ ಕಾರ್ಯವು ಅದು. ಕಾಳನ್ನು ಉಳಿಸಹೋಗಿ ಕೂಸನ್ನು ಕಳೆದುಕೊಳ್ಳುವ ಗೃಹಕೃತ್ಯವು ಯಾರಿಗೂ ಬೇಡ.

ಕೂಡಿಡಲು ಬಾರದ ಪದಾರ್ಥಗಳೂ ಉಂಟು. ನಂಜನಗೂಡಿನ ರಸಬಾಳೆಯೇ ಇದಕ್ಕೆ ನಿದರ್ಶನ. ಅದರ ಪರಿಮಳವು ಹಣ್ಣಾದ ಕೆಲವೇ ದಿನಗಳ ಸಂಪತ್ತು. ಹಂಚಿ ತಿಂದರೆ ಹಬ್ಬ, ಕೂಡಿಟ್ಟರೆ ಕೊಳೆ. ಭೌಗೋಳಿಕ ಗುರುತನ್ನು ಪಡೆದ ಈ ಹಣ್ಣು, ಮಣ್ಣಿನಲ್ಲಿ ಅಡಗಿ ಕುಳಿತು ಬೇರಿನ ಮೂಲಕ ಗಿಡವನ್ನು ಒಣಗಿಸುವ ಪನಾಮ ಸೊರಗುರೋಗದಿಂದ ತೀರ ಅಪರೂಪವಾಗಿಬಿಟ್ಟಿತು. ರೋಗವಿದ್ದ ತೋಟದ ಕಂದನ್ನು ಪರೀಕ್ಷಿಸದೆ ಇನ್ನೊಂದು ತೋಟಕ್ಕೆ ಒಯ್ದರೆ ರೋಗವೂ ಜೊತೆಯಲ್ಲಿ ಹೋಗುತ್ತದೆ. ಆಯ್ಕೆಯಲ್ಲಿ ತಪ್ಪಿದರೆ ಒಂದು ದಿನದ ಊಟವು ಮಾತ್ರವಲ್ಲ, ಒಂದು ನಾಡಿನ ಹೆಸರೇ ನಷ್ಟವಾದೀತೆಂಬುದಕ್ಕೆ ಈ ಬಾಳೆಯೇ ಸಾಕ್ಷಿ.

ಮೂರನೆಯದು ಪಾಕ. ಸೌದೆ ಮಾರುವ ಕಾಯಕದ ಮೋಳಿಗೆಯ ಮಾರಯ್ಯನವರೂ ಅಕ್ಕಿ ಆಯುವ ಕಾಯಕದ ಮಾರಯ್ಯನವರೂ ಕಲ್ಯಾಣದಲ್ಲಿ ಸಮಾನರಾದ ಶರಣರು. ಒಲೆಯ ಕೆಳಗಿನ ಉರಿಯೂ ಮೇಲಿನ ಅನ್ನವೂ ಕಾಯಕದಿಂದಲೇ ಬಂದಾಗ ಪಾಕಶಾಲೆಯು ಅನುಭವಮಂಟಪದ ಒಂದು ಮೂಲೆಯಾಗುತ್ತದೆ. ಅಲ್ಲಿಯ ವಿಧಿಗಳು ಸರಳವಾದುವು. ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ಸಾರವು ನೀರುಪಾಲಾಗುತ್ತದೆ. ಅಕ್ಕಿಯನ್ನು ಮತ್ತೆ ಮತ್ತೆ ಉಜ್ಜಿ ತೊಳೆಯಬಾರದು. ಹುರುಳಿ, ಅಲಸಂದೆ, ಹೆಸರುಗಳನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಅವು ಬೇಗ ಬೇಯುತ್ತವೆ, ಸುಲಭವಾಗಿ ಅರಗುತ್ತವೆ, ಒಣಕಾಳಿನಲ್ಲಿಲ್ಲದ ಸಿ ಜೀವಸತ್ವವೂ ಮೊಳಕೆಯಲ್ಲಿ ಹುಟ್ಟುತ್ತದೆ. ಬೇಗ ಬೇಯಲೆಂದು ಅಡುಗೆಸೋಡವನ್ನು ಹಾಕಿದರೆ, ಐಕ್‌ಮನ್ನನು ತೌಡಿನಲ್ಲಿ ಕಂಡ ಆ ಸತ್ವವೇ ಅಳಿಯುತ್ತದೆ. ಕಾಳನ್ನೂ ಬೆರಕೆ ಸೊಪ್ಪನ್ನೂ ಕೂಡಿಸಿ ಬೇಯಿಸಿ, ಬಸಿದ ಕಟ್ಟಿನಿಂದ ಬಸ್ಸಾರನ್ನೂ ಉಳಿದುದರಿಂದ ಪಲ್ಯವನ್ನೂ ಮಾಡಿ, ಮುದ್ದೆಯ ಜೊತೆಗೆ ಬಡಿಸುವ ಈ ಸೀಮೆಯ ಪದ್ಧತಿಯಲ್ಲಿ ಒಂದು ತೊಟ್ಟು ಸಾರವೂ ಚೆಲ್ಲಿಹೋಗುವುದಿಲ್ಲ. ಊಟಕ್ಕೆ ನಿಂಬೆಯ ಹುಳಿಯನ್ನು ಹಿಂಡಿಕೊಂಡರೆ ಸೊಪ್ಪು ಕಾಳುಗಳ ಕಬ್ಬಿಣದ ಅಂಶವು ದೇಹಕ್ಕೆ ಚೆನ್ನಾಗಿ ಸಲ್ಲುತ್ತದೆ. ಉಂಡೊಡನೆ ಕಾಫಿ, ಚಹಗಳನ್ನು ಕುಡಿದರೆ ಸಲ್ಲಬೇಕಾದುದೂ ಸಲ್ಲದೆ ಹೋಗುತ್ತದೆ.

ದಾಸೋಹದ ಅಡುಗೆಯಲ್ಲಿ ಎಚ್ಚರವು ಇಮ್ಮಡಿಯಾಗಿರತಕ್ಕದ್ದು. ಕಪಿಲಾತೀರದ ಸುತ್ತೂರಿನ ಜಾತ್ರೆಗೂ, ಕಾವೇರಿಯ ಬದಿಯ ಮುಡುಕುತೊರೆಯ ಮಲ್ಲಿಕಾರ್ಜುನನ ಜಾತ್ರೆಗೂ ಬರುವ ಜನಸ್ತೋಮಕ್ಕೆ ಅನ್ನವಿಕ್ಕುವುದು ಮಹಾಕಾರ್ಯ. ದೊಡ್ಡ ಕೊಪ್ಪರಿಗೆಯ ಅನ್ನವು ಬಹಳ ಹೊತ್ತು ಉಗುರುಬೆಚ್ಚಗೆ ನಿಂತರೆ, ಕುದಿತಕ್ಕೂ ಸಾಯದ ಸೂಕ್ಷ್ಮ ಬೀಜಾಣುಗಳು ಅದರಲ್ಲಿ ಮೊಳೆತು ವಿಷವನ್ನು ಹುಟ್ಟಿಸುತ್ತವೆ; ಮತ್ತೆ ಕಾಯಿಸಿದರೂ ಆ ವಿಷವು ಹೋಗದು. ಬೆಂದುದನ್ನು ಬಿಸಿಬಿಸಿಯಾಗಿ ಆಗಲೇ ಬಡಿಸುವುದು ಇದಕ್ಕೆ ಪರಿಹಾರ. ಅಡುಗೆಯ ಮನೆಯನ್ನು ಕಾಯುವುದೂ ಸೇವೆಯೇ. 2018ರ ಡಿಸೆಂಬರ್ 14ರಂದು ನೆರೆಯ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ದೇವಾಲಯದಲ್ಲಿ ವಿಷ ಬೆರೆತ ಪ್ರಸಾದವನ್ನು ಸೇವಿಸಿ ಹತ್ತಕ್ಕೂ ಹೆಚ್ಚು ಮಂದಿ ಭಕ್ತರು ಪ್ರಾಣವನ್ನು ನೀಗಿದರು. ನಂಬಿ ಕೈಯೊಡ್ಡಿದವರ ಆ ಸಾವನ್ನು ಮರೆಯಲಾಗದು. ಕೈಯೊಡ್ಡುವವನು ಪರೀಕ್ಷಿಸುವುದಿಲ್ಲ; ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಬಾಯಿಗಿಡುತ್ತಾನೆ. ಅವನ ಪಾಲಿನ ಪರೀಕ್ಷೆಯನ್ನೂ ಬಡಿಸುವವನೇ ಮಾಡಿ ಮುಗಿಸಿರಬೇಕು. ಭಕ್ತಿಯಲ್ಲಿ ಒಡ್ಡಿದ ಕೈಗಿಂತ ದೊಡ್ಡ ಹೊಣೆಯು ಲೋಕದಲ್ಲಿಲ್ಲ.

ಪಂಕ್ತಿಯಲ್ಲಿ ಕುಳಿತವನ ಕರ್ತವ್ಯವೂ ಒಂದುಂಟು. ಪ್ರಸಾದಿಯಾದವನು ತಳಿಗೆಯಲ್ಲಿ ಒಂದು ಅಗುಳನ್ನೂ ಉಳಿಸಬಾರದೆಂಬುದು ಆಚಾರ. ಲೋಕದಲ್ಲಿ ಮನುಷ್ಯರಿಗೆಂದು ಸಿದ್ಧವಾಗುವ ಆಹಾರದಲ್ಲಿ ಸುಮಾರು ಮೂರನೆಯ ಒಂದು ಪಾಲು ನಷ್ಟವೋ ವ್ಯರ್ಥವೋ ಆಗುವುದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2011ರಲ್ಲಿ ಅಂದಾಜುಮಾಡಿತು. ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ದಂಪತಿಗಳ ಹೆಸರನ್ನು ಹೇಳುವವರ ಮದುವೆ ಮನೆಗಳ ಹಿಂದೆ ಎಲೆಗಳ ಜೊತೆಗೆ ಬಿದ್ದಿರುವ ಅನ್ನವನ್ನು ಕಂಡರೆ, ಇಂದು ಮಾರಯ್ಯನವರಂಥವರು ಸಾವಿರ ಮಂದಿ ಇದ್ದರೂ ಆಯ್ದು ಮುಗಿಯದೆಂದು ತೋರುತ್ತದೆ.

‘ಇದೆಲ್ಲವೂ ಒಲೆಯ ಮುಂದಿನ ಮಾತು, ಅಧ್ಯಾತ್ಮಕ್ಕೂ ಇದಕ್ಕೂ ಏನು ಸಂಬಂಧ’ ಎಂದು ಕೇಳುವವರಿಗೆ ತಿರುಮಕೂಡಲಿನ ಸಂಗಮವೇ ಉತ್ತರವನ್ನು ಕೊಡುತ್ತದೆ. ಅಲ್ಲಿ ಕಾವೇರಿಯೂ ಕಪಿಲೆಯೂ ಕೂಡುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಮೂರನೆಯದಾದ ಸ್ಫಟಿಕ ಸರೋವರವು ಗುಪ್ತವಾಗಿ ಬಂದು ಸೇರುವುದೆಂದು ಹೇಳುತ್ತಾರೆ. ಆ ಮೂರನೆಯದನ್ನು ನೆನೆದೇ ಅದಕ್ಕೆ ತ್ರಿವೇಣಿಯೆಂಬ ಹೆಸರು. ಅಂತೆಯೇ ಪದಾರ್ಥದ ಶುದ್ಧಿ, ಪಾಕದ ಶುದ್ಧಿ ಎಂಬೆರಡು ಹೊಳೆಗಳು ಕಣ್ಣಿಗೆ ಕಾಣುತ್ತವೆ. ಭಾವಶುದ್ಧಿಯೆಂಬ ಮೂರನೆಯದು ಕಾಣದು. ಕಾಣದುದೊಂದೇ ಸಾಕೆಂದು ಕಾಣುವ ಎರಡನ್ನು ಬಿಟ್ಟರೆ ಸಂಗಮವೇ ಇಲ್ಲ. ಕಾಣುವ ಎರಡೇ ಸಾಕೆಂದು ಕಾಣದುದನ್ನು ಬಿಟ್ಟರೆ ಅದು ತೀರ್ಥವಲ್ಲ, ಬರಿಯ ನೀರು. ಮೊರದಲ್ಲಿ ಕಲ್ಲನ್ನು ಬಿಡದೆ ಆಯ್ದು, ಮನಸ್ಸಿನಲ್ಲಿ ನೆರೆಯವನ ಮೇಲಿನ ಹಗೆಯನ್ನು ಹಾಗೆಯೇ ಉಳಿಸಿಕೊಂಡು ಬೇಯಿಸಿದ ಅನ್ನವೂ ಹರಳುಳ್ಳ ಅನ್ನವೇ.

ಆದುದರಿಂದ ಮುಂದಿನ ಸುಗ್ಗಿಯಲ್ಲಿ ದಾಸೋಹಕ್ಕೆಂದು ಧಾನ್ಯವನ್ನು ಅಳೆಯುವ ಗೃಹಸ್ಥನು ಕಣಜದ ತಳಕ್ಕೆ ಕೈಹಾಕುವುದಕ್ಕೆ ಮುಂಚೆ ಒಂದು ಕ್ಷಣ ನಿಲ್ಲಲಿ. ತನ್ನ ಮಗುವಿನ ತಟ್ಟೆಗೆ ಯಾವುದನ್ನು ಬಡಿಸುವನೋ ಅದನ್ನೇ ಅಳೆಯಲಿ. ಗೃಹಿಣಿಯು ಮೊರವನ್ನು ಹಿಡಿದು ಕುಳಿತಾಗ ಲಕ್ಕಮ್ಮನವರು ತನ್ನ ಪಕ್ಕದಲ್ಲಿ ಕುಳಿತಿರುವರೆಂದು ಭಾವಿಸಲಿ. ಆಗ ಆಯ್ದ ಒಂದು ಹಿಡಿ ಅಕ್ಕಿಯೂ ಲಿಂಗಕ್ಕೆ ಸಲ್ಲುವುದು, ಜಂಗಮಕ್ಕೆ ಸಲ್ಲುವುದು, ಹಸಿದವರಿಗೆ ಸಲ್ಲುವುದು. ನಂಜನ್ನುಂಡು ಲೋಕವನ್ನು ಕಾಯ್ದ ಶ್ರೀಕಂಠನು ಅಂತಹ ಮನೆಗಳನ್ನೂ ಅಂತಹ ಮಠಗಳನ್ನೂ ಕಾಯಲಿ.

ಶಿವಾರ್ಪಣಮಸ್ತು.